ಒಂದೇ ನಿಮಿಷ, ಡ್ರೈವರಣ್ಣ

ನಮ್ಮೂರಿನ ಬಸ್ಸಿಗೆ ನಿಲ್ದಾಣ ಅಂತ ಒಂದು ಇರಲಿಲ್ಲ. ಊರಿಗೆ ಊರೇ ನಿಲ್ದಾಣ. ಯಾರು ಎಲ್ಲಿ ಕೈ ಅಡ್ಡ ಹಾಕಿದರೂ ನಿಲ್ಲಬೇಕು. ಕಟಿಂಗ್ ಶಾಪಿನವನ ಹೆಂಡತಿ ಕಿಟಕಿಯಿಂದಲೇ "ಒಂದೇ ನಿಮಿಷ, ಡ್ರೈವರಣ್ಣ" ಎಂದು ಕೂಗುತ್ತಿದ್ದಳು. ಜಡೆ ಅರ್ಧ ಹೆಣೆದಿರುತ್ತಿತ್ತು, ಇನ್ನರ್ಧ ಹೆಣೆಯುವ ತನಕ ಬಸ್ಸು ಕಾಯುತ್ತಿತ್ತು. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ವಾಪಸ್ ಮನೆಗೆ ಹೋಗುತ್ತಿದ್ದರು. ಬಸ್ಸು ಕಾಯುತ್ತಿತ್ತು. ಒಳಗೆ ಕೂತವರೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು, ಯಾಕೆಂದರೆ ನಾಳೆ ಅವರ ಸರದಿ. "ನಮ್ಮ ಬಸ್ಸು ಮನೆ ಬಾಗಿಲಿಗೇ ಬರುತ್ತೆ" ಎಂದು ನೆಂಟರ ಮುಂದೆ ಎದೆ ಉಬ್ಬಿಸಿ ಹೇಳಿಕೊಳ್ಳುವುದು ಬೇರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹೊಲಿಗೆಯವಳು. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಊರವರು ಹೇಳುತ್ತಾರೆ. ಹೇಳಲಿ. ಸಿಹಿಯಾಗಿ ಮಾತಾಡಿಕೊಂಡು ಇಷ್ಟು ವರ್ಷ ಏನು ಗುಡ್ಡ ಕಡಿದಿದ್ದೇವೆ? ನಮ್ಮ ಯಜಮಾನರದು ಬೇಕರಿ. ಕೆಳಗೆ ಬೇಕರಿ, ಮೇಲೆ ಮನೆ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ನನ್ನ ಹೊಲಿಗೆ ಮೆಷಿನ್ನು. ಮನೆಯಲ್ಲಿ ಮೂರನೆಯವರು ನಮ್ಮ ಅತ್ತೆ.

ಅತ್ತೆಯ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ವಾರಕ್ಕೆ ಮೂರು ಸಲ ಸಿಟಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ಅಂದರೆ ಮೈಯ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡಿಸಿಕೊಂಡು ಬರಬೇಕು. ತಪ್ಪಿದರೆ ನೀರು ಮೈಯಲ್ಲೇ ನಿಂತು ಉಸಿರು ಕಟ್ಟುತ್ತದೆ. ಅಲ್ಲಿಯ ನರ್ಸಮ್ಮ ಮೊದಲ ದಿನವೇ ಹೇಳಿದ್ದರು: "ಒಂದು ಶಾಲು ತನ್ನಿ, ಈ ರೂಮಲ್ಲಿ ಚಳಿ ಜಾಸ್ತಿ. ಆಮೇಲೆ, ನಿಮ್ಮದು ಬೆಳಗಿನ ಕುರ್ಚಿ. ತಡ ಮಾಡಿದ್ರೆ ಅದರಲ್ಲಿ ಮುಂದಿನವರನ್ನ ಕೂರಿಸ್ತೀವಿ. ನನ್ನ ಬೈಬೇಡಿ, ಅವರೂ ಬದುಕಬೇಕಲ್ಲ?"

ಈಗ ದಾರಿ ಕೇಳಿ. ಊರಿನಿಂದ ರೈಲ್ವೆ ಸ್ಟೇಷನ್ನಿಗೆ ಬಸ್ಸು. ಅಲ್ಲಿಂದ ಸಿಟಿಗೆ ರೈಲು. ಸಿಟಿಯಲ್ಲಿ ಆಸ್ಪತ್ರೆಯ ಗೇಟಿನ ತನಕ ಟ್ರಾಮ್, ಬೀದಿಯಲ್ಲೇ ಹಳಿಯ ಮೇಲೆ ಓಡುವ ಬಂಡಿ. ಬಾಯಲ್ಲಿ ಹೇಳುವುದಕ್ಕೆ ಎಷ್ಟು ಚೆಂದ! ಆದರೆ ಬಸ್ಸಿನಲ್ಲಿ ಜನ ಬರುತ್ತಿದ್ದಾರೋ ಇಲ್ಲವೋ, ರೈಲಿಗೆ ಅದರ ಗೊಡವೆ ಇಲ್ಲ. ಸಂಜೆ ವಾಪಸ್ ಬರುವಾಗ, ರೈಲು ಸ್ಟೇಷನ್ ಮುಟ್ಟುವ ಹೊತ್ತಿಗೆ ಸರಿಯಾಗಿ ಊರಿನ ಬಸ್ಸು ಹೊರಟುಹೋಗಿರುತ್ತಿತ್ತು. ಟ್ರಾಮಿನ ಹಳಿಯಂತೂ ಸಿಟಿ ಸ್ಟೇಷನ್ನಿನ ತನಕ ಬರುವುದೇ ಇಲ್ಲ, ಕಾಲುಸೇತುವೆಯ ಆಚೆ ಮಾರ್ಕೆಟ್ಟಿನಲ್ಲೇ ಮುಗಿದುಹೋಗುತ್ತದೆ. ಊದಿದ ಕಾಲಿನ ಮುದುಕಿ ಆ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರ ಹಾಗೆ ಈ ಮೂರು. ಅವರವರ ಜಗಳದಲ್ಲಿ ಉಪವಾಸ ಬೀಳುವವರು ನಾವು.

ಆ ದಿನ ಅತ್ತೆಯನ್ನು ಕರೆದುಕೊಂಡು ಹೊರಟವಳು ನಾನೇ. ಜಡೆ, ಗ್ಯಾಸು ಎಲ್ಲ ಮುಗಿಸಿಕೊಂಡು ಬಸ್ಸು ನಮ್ಮ ಬಾಗಿಲಿಗೆ ಬರುವಾಗಲೇ ತಡವಾಗಿತ್ತು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಇನ್ನೇನು ಹೊರಡಬೇಕು, ನಮ್ಮ ಯಜಮಾನರ ಬನ್ನಿನ ಟ್ರೇಗಳು ಬಂದವು. ಸ್ಟೇಷನ್ ಕ್ಯಾಂಟೀನಿಗೆ ದಿನಾ ಈ ಬಸ್ಸಿನಲ್ಲೇ ಬನ್ನು ಹೋಗುವುದು ವಾಡಿಕೆ. ಒಂದು ಟ್ರೇಯ ಹಗ್ಗ ಹರಿಯಿತು.

"ಒಂದೇ ನಿಮಿಷ, ಡ್ರೈವರಣ್ಣ, ಬೇರೆ ಹಗ್ಗ ತರ್ತೀನಿ" ಎಂದು ಒಳಗೆ ಹೋದವರು, ಹಗ್ಗ ಹುಡುಕಿದರು. ನಡುವೆ ಒಬ್ಬ ಗಿರಾಕಿಗೆ ರಸ್ಕು ಕಟ್ಟಿಕೊಟ್ಟರು. ಚಿಲ್ಲರೆ ಹುಡುಕಿದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ರೀ! ಸಾಕು ಬಿಡ್ರೀ, ಬಸ್ಸು ಹೊರಡ್ಲಿ! ರೈಲು ಹೋಗಿಬಿಡುತ್ತೆ!"

"ನಿಂದೊಂದು ಗೋಳು. ಯಾವತ್ತು ಆ ರೈಲು ಟೈಮಿಗೆ ಬಂದಿದೆ, ಹೇಳು?"

ಅವತ್ತು ಬಂದಿತ್ತು. ಟೈಮಿಗೆ ಬಂದು ಟೈಮಿಗೆ ಹೋಯಿತು. ನಾವು ಸ್ಟೇಷನ್ನಿನ ಗೇಟಿನಲ್ಲಿ ಇಳಿಯುವಾಗ ಅದರ ಕೊನೆಯ ಡಬ್ಬಿ ಮಾತ್ರ ಕಂಡಿತು.

ಮೊದಲಾದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ರೈಲು ಇತ್ತು. ಹೋದ ವರ್ಷ ಅದನ್ನು ತೆಗೆದುಹಾಕಿದ್ದರು. ಈಗ ಮಧ್ಯಾಹ್ನದ್ದೇ ಗತಿ. ಟ್ಯಾಕ್ಸಿಗೆ ಫೋನ್ ಮಾಡಿದರೆ, ಸಿಟಿ ಸೇತುವೆಯ ಹತ್ತಿರ ರಸ್ತೆ ಜಾಮ್, ಈಗ ಬರಲ್ಲ ಅಂದ. ಅತ್ತೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತರು. ಬಿಸಿಲು ಏರಿದ ಹಾಗೆ ಅವರ ಉಸಿರೂ ಏರತೊಡಗಿತು. "ನನ್ನಿಂದ ನಿನಗೆ ಎಷ್ಟು ಕಷ್ಟ ಮಗಳೇ" ಅಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಷ್ಟ ಕೊಟ್ಟವರು ಯಾರೋ, ಕ್ಷಮೆ ಕೇಳುವವರು ಯಾರೋ!

ಮಧ್ಯಾಹ್ನ ಸಿಟಿಯಲ್ಲಿ ಇಳಿದಾಗ ಅವರಿಗೆ ಕಾಲುಸೇತುವೆ ಹತ್ತಲು ಆಗಲಿಲ್ಲ. ಅರ್ಧಕ್ಕೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ತುಟಿ ನೀಲಿಗಟ್ಟಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ಇಬ್ಬರು ಅವರನ್ನು ಕೈಯಲ್ಲೇ ಎತ್ತಿ ಆಚೆ ದಾಟಿಸಿದರು, ಟ್ರಾಮಿನೊಳಗೂ ಕೂರಿಸಿದರು. ಆಸ್ಪತ್ರೆ ಸೇರುವಾಗ ಅವರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಅತ್ತೆಯನ್ನು ನೇರ ತುರ್ತು ಚಿಕಿತ್ಸೆಯ ಕೋಣೆಗೆ ತಳ್ಳಿಕೊಂಡು ಹೋಗಿ ಆಕ್ಸಿಜನ್ ಹಚ್ಚಿದರು. "ಇನ್ನು ಸ್ವಲ್ಪ ತಡ ಆಗಿದ್ರೆ ಉಳಿಸೋಕೆ ಆಗ್ತಿರಲಿಲ್ಲ" ಅಂದರು ಡಾಕ್ಟರು.

ಸುದ್ದಿ ತಿಳಿದು ಮೊದಲು ಓಡಿಬಂದವಳು ನನ್ನ ನಾದಿನಿ, ಅತ್ತೆಯ ಮಗಳು. ಸಿಟಿಯಲ್ಲಿ ಟ್ರಾಮ್ ಓಡಿಸುತ್ತಾಳೆ. ಯೂನಿಫಾರ್ಮಿನಲ್ಲೇ ಬಂದಿದ್ದಳು. ಹಿಂದೆಯೇ ಯಜಮಾನರೂ ಬಂದರು, ತಲೆಗೂದಲಿನಲ್ಲಿ ಮೈದಾಹಿಟ್ಟು ಹಾಗೇ ಇತ್ತು.

"ಸಾಕಪ್ಪಾ ಸಾಕು ಈ ಬಸ್ಸಿನ ಸಹವಾಸ" ಅಂದರು. "ಸಾಲ ಮಾಡಿಯಾದ್ರೂ ಒಂದು ಕಾರ್ ತಗೊಂಡುಬಿಡ್ತೀನಿ."

"ತಗೋ ಅಣ್ಣ. ತಗೊಂಡು ಎಲ್ಲಿ ಓಡಿಸ್ತೀಯ?" ಅಂದಳು ನಾದಿನಿ. "ಸೇತುವೆ ಹತ್ತಿರ ಕಾರುಗಳು ನಿಂತಲ್ಲೇ ನಿಂತಿರೋದನ್ನ ನಾನು ದಿನಾ ನೋಡ್ತೀನಿ. ನನ್ನ ಒಂದು ಟ್ರಾಮಿನ ಜನ ಅಷ್ಟೂ ಒಂದೊಂದು ಕಾರಲ್ಲಿ ಬಂದ್ರೆ ಇಡೀ ಬೀದಿ ತುಂಬಿಹೋಗುತ್ತೆ. ಆಂಬುಲೆನ್ಸೂ ಅದರ ಹಿಂದೇನೇ ನಿಲ್ಲಬೇಕು. ಅದೂ ಹೋಗ್ಲಿ, ವಾರಕ್ಕೆ ಮೂರು ದಿನ ಒಲೆ ಆರಿಸಿ ಅಮ್ಮನ್ನ ನೀನು ಕರ್ಕೊಂಡು ಬರ್ತೀಯಾ? ಕಾರಿಲ್ಲದ ಮನೆಯವರು ಏನು ಮಾಡ್ಬೇಕು?"

"ಮತ್ತೇನು ಮಾಡು ಅಂತೀಯ? ಆ ಆಫೀಸರುಗಳ ಹತ್ತಿರ ಹೇಳೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಬಾರಿಸಿದ್ದೀಯಾ ಯಾವತ್ತಾದ್ರೂ?" ನಾದಿನಿಗೂ ಸಿಟ್ಟು ಏರಿತು. ನಮ್ಮ ಮನೆಯ ನೀರೇ ಹಾಗೆ. "ಹೋದ ವರ್ಷ ಸಾರಿಗೆ ಅಹವಾಲು ಸಭೆ ಕರೆದಿದ್ರು. ಬಸ್ಸು, ರೈಲು, ಟ್ರಾಮು, ಮೂರೂ ಕಡೆಯ ಅಧಿಕಾರಿಗಳು ಕೂತಿದ್ರು. ಯಾರು ಬೇಕಾದ್ರೂ ಹೋಗಿ ಮಾತಾಡಬಹುದಿತ್ತು. ಕಾರ್ ನಿಲ್ಲಿಸೋಕೆ ಜಾಗ ಬೇಕು ಅನ್ನೋರು ದಂಡು ಕಟ್ಟಿಕೊಂಡು ಬಂದಿದ್ರು. ನಿಮ್ಮೂರಿಂದ ಒಂದು ನರಪಿಳ್ಳೆ ಬರಲಿಲ್ಲ. ನಡುವಿನ ರೈಲು ಯಾರಿಗಾದ್ರೂ ಬೇಕಾ ಅಂತ ಕೇಳಿದ್ರು. ಯಾರೂ ಉಸಿರೆತ್ತಲಿಲ್ಲ. ತೆಗೆದುಹಾಕಿದ್ರು."

"ಸಭೆ ಇದೆ ಅಂತ ನಮಗೆ ಯಾರು ಹೇಳಿದ್ರು?"

"ನಿನ್ನ ಬೇಕರಿ ಗೋಡೆಗೇ ಅಂಟಿಸಿದ್ರಲ್ಲ ಅಣ್ಣ! ಅದರ ಮೇಲೆ ನೀನು 'ಎರಡು ಕೇಕ್ ಕೊಂಡರೆ ಒಂದು ಬನ್ ಉಚಿತ' ಅಂತ ಅಂಟಿಸಿದೆ. ನಾನು ಫೋನ್ ಮಾಡಿ ಹೇಳೋಕೆ ಬಂದ್ರೆ, ಒಂದೇ ನಿಮಿಷ, ಗಿರಾಕಿ ಬಂದಿದ್ದಾರೆ ಅಂತ ಇಟ್ಟುಬಿಟ್ಟೆ."

ನಗುವ ಜಾಗವಲ್ಲ ಅದು. ಆದರೂ ನನಗೆ ನಗು ಬಂತು. ನಕ್ಕದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಅತ್ತೆಯ ಹತ್ತಿರ ನಾದಿನಿ ಕೂತಳು. ನಾವಿಬ್ಬರೂ ಬಟ್ಟೆಬರೆ ತರಲು ಊರಿಗೆ ಬಂದಿದ್ದೆವು. ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಯಜಮಾನರು ರಸ್ತೆಯ ನಡುವೆ ಹೋಗಿ ನಿಂತರು.

"ಇಳಿಯೋ ಕೆಳಗೆ! ನಿನ್ನ ಆಮೆ ನಡಿಗೆಯಿಂದ ನಮ್ಮಮ್ಮ ಸಾಯೋದರಲ್ಲಿದ್ರು! ನಿನ್ನ ಮೇಲೆ ಕಂಪ್ಲೇಂಟ್ ಕೊಡದೆ ಬಿಡಲ್ಲ!"

ನಮ್ಮ ಡ್ರೈವರಣ್ಣ ಯಾರಿಗೂ ಎದುರು ಮಾತಾಡಿದವರಲ್ಲ. ಅವತ್ತು ಎಂಜಿನ್ ಆಫ್ ಮಾಡಿ ಕೆಳಗಿಳಿದರು.

"ಕೊಡಿ ಸಾಹುಕಾರ್ರೇ, ಧಾರಾಳವಾಗಿ ಕೊಡಿ. ಮನೆಗೊಬ್ಬರು ಒಂದೇ ನಿಮಿಷ ಅಂತೀರಿ. ನಿಲ್ಲಿಸಿದ್ರೆ ರೈಲು ತಪ್ಪುತ್ತೆ. ನಿಲ್ಲಿಸದೆ ಹೋದ್ರೆ, ಇವನಿಗೆ ಕೊಬ್ಬು ಅಂತ ದೂರು ಕೊಡ್ತೀರಿ. ನಿನ್ನೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡೋರು ಯಾರು? ಹಗ್ಗ ತರ್ತೀನಿ ಅಂತ ಒಳಗೆ ಹೋಗಿ ರಸ್ಕು ಮಾರ್ತಾ ನಿಂತೋರು ಯಾರು? ನಿಮ್ಮಮ್ಮ ಬಸ್ಸಿನಲ್ಲಿ ಕೂತಿದ್ರು, ಸಾಹುಕಾರ್ರೇ. ನಿಮ್ಮಮ್ಮನ್ನ ಕೂರಿಸಿಕೊಂಡು ನಾನು ನಿಮ್ಮ ಬನ್ನಿಗೆ ಕಾದೆ."

ಯಜಮಾನರು ಪಕ್ಕದಲ್ಲಿದ್ದ ಖಾಲಿ ಟ್ರೇಯ ಮೇಲೆ ಕುಸಿದು ಕೂತರು. ನನ್ನ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದಿದ್ದವು. ಅವರ ಮುಖ ನೋಡಿ ನುಂಗಿಕೊಂಡೆ. ಅದನ್ನೆಲ್ಲ ಬಸ್ಸಿನ ಸುತ್ತ ತಮಾಷೆ ನೋಡಲು ಸೇರಿದ್ದವರ ಮೇಲೆ ತೀರಿಸಿಕೊಂಡೆ.

ಅತ್ತೆ ಮನೆಗೆ ಬಂದ ಮೇಲೆ ಒಂದು ಸಂಜೆ ಬೇಕರಿಯಲ್ಲಿ ಊರವರನ್ನೆಲ್ಲ ಸೇರಿಸಿದೆವು. ನಾದಿನಿಯೂ ಬಂದಿದ್ದಳು. ಒಬ್ಬೊಬ್ಬರದೂ ಒಂದೇ ರಾಗ: "ನಂದು ಒಂದೇ ನಿಮಿಷ ಅಷ್ಟೇ, ಬೇರೆಯವರೇ ತಡ ಮಾಡೋದು."

"ಹನಿ ಹನಿ ಕೂಡಿದ್ರೆ ಹಳ್ಳ ಅಂತ ದುಡ್ಡು ಕೂಡಿಡೋಕೆ ಮಾತ್ರ ಹೇಳ್ತೀರಲ್ಲ" ಎಂದು ನಾನು ಶುರುಮಾಡಿದೆ. "ನಿಮ್ಮೆಲ್ಲರ ಒಂದೊಂದು ನಿಮಿಷ ಕೂಡಿ ಏನಾಯ್ತು ನೋಡಿ, ಇಲ್ಲೇ ಕೂತಿದ್ದಾರೆ ನಮ್ಮತ್ತೆ. ಅವರ ಮುಖ ನೋಡಿ ಇನ್ನೊಂದ್ಸಲ ಹೇಳಿ, ಒಂದೇ ನಿಮಿಷ ಅಂತ!"

ಮೇಷ್ಟ್ರು ಗೊಣಗಿದರು: "ನನ್ನ ಮೊಣಕಾಲು ಹೋಗಿದೆ. ಎಲ್ಲೋ ದೂರ ಒಂದು ಕಡೆ ನಿಲ್ದಾಣ ಮಾಡಿದ್ರೆ ನಾನು ಹೇಗಮ್ಮ ಬರಲಿ?"

"ಮೇಷ್ಟ್ರೇ, ನಡೆಯೋಕೆ ಆಗದವರ ಗೇಟಿನ ಮುಂದೇನೇ ನಿಲ್ದಾಣ ಮಾಡೋಣ, ಆಗೋವರು ನಡೆದು ಬರಲಿ" ಅಂದಳು ನಾದಿನಿ. "ಬಸ್ಸು ಬರೋ ಮೊದಲೇ ಜನ ಅಲ್ಲಿ ನಿಂತಿರಬೇಕು, ಅಷ್ಟೇ."

ಹಾಗೆ ಊರಿಗೆ ನಾಲ್ಕು ನಿಲ್ದಾಣ ಆಯಿತು. ಮೊದಲನೆಯದು ಮೇಷ್ಟ್ರ ಗೇಟು. ಕಟಿಂಗ್ ಶಾಪಿನವನ ಹೆಂಡತಿ ಜಡೆಯನ್ನು ಬಸ್ಸಿನಲ್ಲೇ ಕೂತು ಹೆಣೆದುಕೊಳ್ಳುವುದಾಗಿ ಒಪ್ಪಿದಳು. ಬನ್ನಿನ ಟ್ರೇಗಳನ್ನು ಯಜಮಾನರು ಸೈಕಲ್ಲಿಗೆ ಕಟ್ಟಿ ತಾವೇ ಮುಂಚೆ ತಲುಪಿಸುವುದೆಂದು ಆಯಿತು.

"ನಾವು ತಿದ್ದಿಕೊಂಡ್ವಿ, ಸರಿ. ಇನ್ನು ಆ ದೊಡ್ಡವರು ತಿದ್ದಿಕೊಳ್ತಾರಾ?" ಎಂದರು ಯಜಮಾನರು. ಅವರ ಅನುಮಾನ ಇನ್ನೂ ಹೋಗಿರಲಿಲ್ಲ.

"ತಾವಾಗಿ ತಿದ್ದಿಕೊಳ್ಳಲ್ಲ. ಅದಕ್ಕೇ ಹೋಗಬೇಕು" ಅಂದೆ. ನಮ್ಮ ತಪ್ಪು ನಮ್ಮದು ಎಂದು ಒಪ್ಪಿಕೊಂಡ ಮಾತ್ರಕ್ಕೆ ಅವರ ತಪ್ಪು ಮಾಫಿ ಆಗುತ್ತದೆಯೇ? ಬಸ್ಸು ಹೊತ್ತಿಗೆ ಸರಿಯಾಗಿ ಹೋದರೂ ಸಂಜೆ ರೈಲಿನವರನ್ನು ಬಿಟ್ಟು ಹೊರಡುವ ವೇಳಾಪಟ್ಟಿ ಬರೆದವರು ನಾವಲ್ಲ. ಕಾಲುಸೇತುವೆಯ ಆಚೆ ಹಳಿ ನಿಲ್ಲಿಸಿದವರೂ ನಾವಲ್ಲ.

ಈ ವರ್ಷದ ಅಹವಾಲು ಸಭೆಗೆ ನಮ್ಮ ಬಸ್ಸು ತುಂಬಿ ಹೋಯಿತು. ಯಜಮಾನರು ಬೇಕರಿಗೆ ಬೀಗ ಹಾಕಿ ಬಂದರು. ಅತ್ತೆ, ಬೇಡವೆಂದರೂ ಕೇಳದೆ, ಶಾಲು ಹೊದ್ದು ಬಂದು ಕೂತರು.

ವೇದಿಕೆಯ ಮೇಲೆ ಮೂವರು ಅಧಿಕಾರಿಗಳು. ಬಸ್ಸಿನವರನ್ನು ಕೇಳಿದರೆ "ರೈಲಿನ ಸಮಯ ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಅಂದರು. ರೈಲಿನವರನ್ನು ಕೇಳಿದರೆ "ಬಸ್ಸು ನಮಗೆ ಸಂಬಂಧಪಟ್ಟಿದ್ದಲ್ಲ" ಅಂದರು. ಟ್ರಾಮಿನವರು "ಪರಿಶೀಲನೆಯಲ್ಲಿದೆ" ಎಂದು ಬಿಸ್ಕತ್ತು ಮುರಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಸ್ವಾಮಿ, ಮೂವರೂ ಒಂದೇ ಮೇಜಿಗೆ ಕೂತಿದ್ದೀರಿ. ಒಂದೇ ಫ್ಲಾಸ್ಕಿನ ಟೀ ಕುಡೀತಿದ್ದೀರಿ. ಪಕ್ಕಕ್ಕೆ ತಿರುಗಿ ಒಂದು ಮಾತಾಡೋಕೆ ಏನ್ರೀ ರೋಗ ನಿಮಗೆ?"

"ಅಮ್ಮಾ, ಮರ್ಯಾದೆ ಕೊಟ್ಟು ಮಾತಾಡಿ."

"ಮರ್ಯಾದೇನಾ? ನಮ್ಮತ್ತೇನ ಸಾಮಾನಿನ ಮೂಟೆ ಥರ ಎತ್ತಿಕೊಂಡು ನಿಮ್ಮ ಸೇತುವೆ ದಾಟಿಸಿದ್ರು. ಅವತ್ತು ಎಲ್ಲಿತ್ತು ಮರ್ಯಾದೆ?"

ಬಸ್ಸಿನ ಅಧಿಕಾರಿ ಗಡಿಯಾರ ನೋಡಿಕೊಂಡು ಎದ್ದರು. ಊಟದ ಹೊತ್ತಾಯಿತು, ಉಳಿದದ್ದು ಮುಂದಿನ ಸಭೆಯಲ್ಲಿ ಅಂದರು. ಆಗ ನನ್ನ ಪಕ್ಕದಿಂದ ಒಂದು ಧ್ವನಿ ಬಂತು.

"ಒಂದೇ ನಿಮಿಷ, ಸಾರ್."

ನಮ್ಮ ಯಜಮಾನರು. ಜನರ ಮುಂದೆ ಎಂದೂ ಮಾತಾಡಿದವರಲ್ಲ.

"ಈ ಮಾತನ್ನ ನಾನು ದಿನಾ ಬಸ್ಸಿಗೆ ಹೇಳ್ತಿದ್ದೆ ಸಾರ್. ಅದರಿಂದ ನಮ್ಮಮ್ಮನ ಪ್ರಾಣವೇ ಹೋಗೋದರಲ್ಲಿತ್ತು. ನಾವು ತಪ್ಪು ಮಾಡಿದ್ವಿ, ಊರೆಲ್ಲ ಕೂತು ತಿದ್ದಿಕೊಂಡ್ವಿ. ಈಗ ನಿಮ್ಮ ಸರದಿ. ರೈಲು ಬಂದು ಜನ ಇಳಿದು ಬರೋವರೆಗೂ ಬಸ್ಸು ಕಾಯಲಿ. ತೆಗೆದ ರೈಲು ವಾಪಸ್ ಬರಲಿ. ಟ್ರಾಮು ಸ್ಟೇಷನ್ ಬಾಗಿಲಿಗೆ ಬರಲಿ. ಮೂರಕ್ಕೂ ಒಂದೇ ಟಿಕೆಟ್ ಆಗಲಿ. ನಾವೇನು ಚಿನ್ನದ ರಥ ಕೇಳ್ತಿಲ್ಲ. ಇರೋದನ್ನೇ ಒಂದಕ್ಕೊಂದು ಜೋಡಿಸಿ ಕೊಡಿ ಅಂತಿದ್ದೀವಿ. ಕೂತ್ಕೊಳ್ಳಿ ಸಾರ್. ಊಟ ನಮಗೂ ಆಗಿಲ್ಲ."

ಅಧಿಕಾರಿ ಕೂತರು. ಹಾಲ್ ತುಂಬಿರುವಾಗ ಎದ್ದು ಹೋಗುವುದು ಅಷ್ಟು ಸುಲಭವಲ್ಲ.

ಎಲ್ಲವೂ ಸಿಕ್ಕಿತೆಂದು ನಾನು ಸುಳ್ಳು ಹೇಳುವುದಿಲ್ಲ. ಸಂಜೆಯ ಬಸ್ಸು ಈಗ ರೈಲಿನವರಿಗೆ ಕಾದು, ಹತ್ತಿಸಿಕೊಂಡೇ ಹೊರಡುತ್ತದೆ. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ, ಇಷ್ಟು ವರ್ಷ ಮಾಡಿರಲಿಲ್ಲ ಅಷ್ಟೇ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಡುವಿನ ರೈಲನ್ನು ಪ್ರಯೋಗಕ್ಕೆಂದು ವಾಪಸ್ ಬಿಟ್ಟಿದ್ದಾರೆ; ನಾವು ಹತ್ತಿದರೆ ಉಳಿಯುತ್ತದೆ, ಹತ್ತದಿದ್ದರೆ ಮತ್ತೆ ಹೋಗುತ್ತದೆ. ಒಂದೇ ಟಿಕೆಟ್ಟಿನ ಮಾತು ಇನ್ನೂ ಬಾಯಲ್ಲೇ ಇದೆ. ಟ್ರಾಮಿನ ಹಳಿ ಇನ್ನೂ "ಪರಿಶೀಲನೆಯಲ್ಲಿದೆ". ಅತ್ತೆ ಇನ್ನೂ ಆ ಸೇತುವೆ ಹತ್ತುತ್ತಿದ್ದಾರೆ. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ, ಇಳಿಸುವ ಇರಾದೆಯೂ ಇಲ್ಲ.

ಮೊನ್ನೆ ಬೆಳಿಗ್ಗೆಯ ಮಾತು. ನಾನೂ ಅತ್ತೆಯೂ ಬೇಕರಿಯ ಪಕ್ಕದ ನಿಲ್ದಾಣದಲ್ಲಿ ಬಸ್ಸು ಹತ್ತಿ ಕೂತೆವು. ಬಸ್ಸು ಹೊರಟು ಬೇಕರಿಯನ್ನು ದಾಟಿತ್ತಷ್ಟೇ, ಹಿಂದೆ ಯಾರೋ ಕೈ ಬೀಸುತ್ತ ಓಡಿಬರುವುದು ಕಂಡಿತು. ನಮ್ಮ ಯಜಮಾನರು! ಕೈಯಲ್ಲಿ ಅತ್ತೆಯ ಶಾಲು. ಮರೆತು ಬಂದಿದ್ದೆವು. ಶಾಲಿಲ್ಲದೆ ಆ ಕೋಣೆಯಲ್ಲಿ ಕೂತರೆ ಅತ್ತೆ ಹಲ್ಲು ಕಡಿಯುತ್ತ ನಡುಗುತ್ತಾರೆ, ನನಗೆ ಗೊತ್ತು. ಡ್ರೈವರಣ್ಣನಿಗೂ ಕನ್ನಡಿಯಲ್ಲಿ ಕಂಡಿತು. ಅವರ ಕಾಲು ಬ್ರೇಕಿನ ಮೇಲೆ ಹೋಯಿತು.

"ಹೋಗಪ್ಪ, ನಿಲ್ಲಿಸಬೇಡ" ಅಂದರು ಅತ್ತೆ.

"ಅಮ್ಮಾ, ನಿಮ್ಮ ಮಗ. ನಿಮ್ಮ ಶಾಲು..."

"ಗೊತ್ತು. ಹಿಂದಿನ ಸೀಟಲ್ಲಿ ಬಸುರಿ ಹುಡುಗಿ ಕೂತಿದ್ದಾಳೆ, ಅವಳೂ ರೈಲು ಹಿಡೀಬೇಕು. ನಾನು ಒಂದು ಹೊತ್ತು ನಡುಗಿದ್ರೆ ಸಾಯಲ್ಲ. ನೀನು ಹೋಗು."

ಬಸ್ಸು ಹೋಯಿತು. ತಿರುಗಿ ನೋಡಿದೆ. ಯಜಮಾನರು ರಸ್ತೆಯ ನಡುವೆ ಶಾಲು ಹಿಡಿದು ನಿಂತಿದ್ದರು. ಮೊದಲಿನ ಹಾಗೆ ಬಯ್ಯಲಿಲ್ಲ. ಶಾಲನ್ನು ಹೆಗಲಿಗೆ ಹಾಕಿಕೊಂಡು, ಹೋಗಿ ಹೋಗಿ ಎಂದು ಕೈ ಬೀಸಿದರು. ಅವತ್ತು ಅತ್ತೆ ತಮ್ಮ ಕುರ್ಚಿಯಲ್ಲಿ ಹೊತ್ತಿಗೆ ಸರಿಯಾಗಿ ಕೂತರು. ನನ್ನ ಸೆರಗನ್ನೇ ಹೊದ್ದು ಕೂತರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮೂರಿನ ಬಸ್ಸಿನಲ್ಲೂ ಯಾರದೋ ತಾಯಿ ಕೂತಿರುತ್ತಾರೆ. ಬಸ್ಸು ಬರುವ ಮೊದಲೇ ನಿಲ್ದಾಣಕ್ಕೆ ಹೋಗಿ ನಿಲ್ಲಿ. ಬಸ್ಸು, ರೈಲು, ಟ್ರಾಮು ಯಾವುದಿದ್ದರೂ ಹತ್ತಿ, ಟಿಕೆಟ್ ತಗೊಂಡು ಹತ್ತಿ. ಇಲ್ಲದಿದ್ದರೆ, ಒಂದಕ್ಕೊಂದು ಸೇರದಿದ್ದರೆ, ಕೇಳಿ. ಸಾರಿಗೆ ಸಭೆಯ ಪ್ರಕಟಣೆ ನಿಮ್ಮ ಗೋಡೆಯ ಮೇಲೂ ಇದ್ದೀತು, ಅದರ ಮೇಲೆ ಬೇರೇನೂ ಅಂಟಿಸಬೇಡಿ. ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಿಕೊಂಡು ಹೋಗಿ, ಸಿಟ್ಟಿದ್ದರೆ ಸಿಟ್ಟಿನಲ್ಲೇ ಮಾತಾಡಿ. ಮುಂದಿನ ಸಭೆಗೆ ನಾವು ಟ್ರಾಮಿನ ಹಳಿ ಕೇಳಲು ಹೊರಟಿದ್ದೇವೆ. ಬಸ್ಸಿನಲ್ಲಿ ಜಾಗ ಇದೆ, ಬನ್ನಿ. ಆದರೆ ನಿಲ್ದಾಣಕ್ಕೆ ಬನ್ನಿ, ನಿಮ್ಮ ಬಾಗಿಲಲ್ಲಿ ನಿಲ್ಲಿಸುವುದಿಲ್ಲ.